ಮೆಣಸುಪತಂಗದ ಸಾಕ್ಷ್ಯ: ಒಂದು ವಿಮರ್ಶೆ

ಕೆಲವು ವರ್ಷಗಳ ಹಿಂದೆ ಬಿ.ಎಸ್‌ಸಿ. ತರಗತಿಯಲ್ಲಿ ನಿಸರ್ಗದ ಆಯ್ಕೆಯ ಪಾಠವನ್ನು ಮುಗಿಸಿ ಹೊರಡುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಬಾಗಿಲ ಬಳಿಗೆ ಬಂದು, "ಸರ್, ಪುಸ್ತಕದಲ್ಲಿರೋ ಪತಂಗದ ಚಿತ್ರ ಸುಳ್ಳಂತೆ. ಸತ್ತ ಪತಂಗಗಳನ್ನ ಮರಕ್ಕೆ ಅಂಟಿಸಿ ತೆಗೆದದ್ದಂತೆ. ಹಾಗಾದ್ರೆ ನೀವು ಹೇಳಿದ ಪಾಠ?" ಎಂದು ಕೇಳಿ, ಮಾತನ್ನು ಪೂರ್ತಿ ಮಾಡದೆ ನಿಂತನು. ಚಿತ್ರ ಬೇರೆ, ಪಾಠ ಬೇರೆ ಎಂದು ಹೇಳಿ ನಾನು ಜಾರಿಕೊಂಡೆನು. ಉತ್ತರ ತಪ್ಪಾಗಿರಲಿಲ್ಲ, ಆದರೆ ಅದು ಉತ್ತರವೂ ಆಗಿರಲಿಲ್ಲ. ಸಾಕ್ಷ್ಯವನ್ನು ಸಂಶಯಿಸಿದವನಿಗೆ ಸಾಕ್ಷ್ಯವನ್ನೇ ತೋರಿಸಬೇಕಲ್ಲದೆ ಸಿದ್ಧಾಂತದ ಹಿರಿಮೆಯನ್ನು ಹೇಳಿ ಕಳುಹಿಸುವುದು ಅಧ್ಯಾಪಕನ ಕೆಲಸವಲ್ಲ. ಆ ದಿನ ಕೊಡಬೇಕಾಗಿದ್ದ ಉತ್ತರವನ್ನು ಈ ಲೇಖನದಲ್ಲಿ ಕೊಡಲು ಪ್ರಯತ್ನಿಸಿದ್ದೇನೆ.

ಪರಿಸರದ ಒತ್ತಡದಿಂದ ಕೀಟಗಳಲ್ಲಿ ನಡೆಯುವ ಆಯ್ಕೆಗೆ ನಿದರ್ಶನ ಬೇಕಾದಾಗಲೆಲ್ಲ ನಮ್ಮ ಅಧ್ಯಾಪಕರು ಕೈಹಾಕುವುದು ಇಂಗ್ಲೆಂಡಿನ ಈ ಒಂದು ಪತಂಗಕ್ಕೆ. ಬಿಸ್ಟನ್ ಬೆಟುಲಾರಿಯ ಎಂಬುದು ಅದರ ಶಾಸ್ತ್ರೀಯ ನಾಮ. ಬಿಳಿಯ ರೆಕ್ಕೆಗಳ ಮೇಲೆ ಕರಿಮೆಣಸಿನ ಪುಡಿಯನ್ನು ಚೆಲ್ಲಿದಂತೆ ಚುಕ್ಕೆಗಳಿರುವುದರಿಂದ ಇಂಗ್ಲಿಷರು ಅದನ್ನು ಪೆಪ್ಪರ್ಡ್ ಮಾತ್ ಎಂದು ಕರೆಯುತ್ತಾರೆ. ನಾವು ಮೆಣಸುಪತಂಗ ಎನ್ನಬಹುದು. ಪದವಿಪೂರ್ವ ಎರಡನೆಯ ವರ್ಷದ ಜೀವಶಾಸ್ತ್ರದಲ್ಲಿ ಇದರ ಕಥೆ ಅರ್ಧ ಪುಟದಷ್ಟಿದೆ. 1850ರ ದಶಕದಲ್ಲಿ ಬಿಳಿಯವು ಹೆಚ್ಚು, 1920ರಲ್ಲಿ ಕರಿಯವು ಹೆಚ್ಚು. ನಡುವೆ ಕಾರ್ಖಾನೆಗಳ ಹೊಗೆ. ಮರದ ಬೊಡ್ಡೆಯ ಮೇಲೆ ಕುಳಿತ ಎರಡು ಬಣ್ಣದ ಪತಂಗಗಳ ಚಿತ್ರ. ಇಷ್ಟನ್ನೇ ಓದಿದ ವಿದ್ಯಾರ್ಥಿಗೆ ಆ ಚಿತ್ರವೇ ಸಾಕ್ಷ್ಯವೆಂದು ತೋರಿದರೆ ಆಶ್ಚರ್ಯವಿಲ್ಲ. ಚಿತ್ರ ಕುಸಿದೊಡನೆ ಅವನ ಪಾಲಿಗೆ ಎಲ್ಲವೂ ಕುಸಿಯಿತು. ತಪ್ಪು ಅವನದಲ್ಲ.

ಮೊದಲು ನಿರ್ವಿವಾದವಾದ ಸಂಗತಿಗಳನ್ನು ನೋಡೋಣ. ಈ ಜಾತಿಯ ಮೊದಲ ಕರಿಯ ಪತಂಗ ದೊರೆತದ್ದು ಮ್ಯಾಂಚೆಸ್ಟರಿನಲ್ಲಿ, 1848ರಲ್ಲಿ. ಅದನ್ನು ಎಡ್ಲ್‌ಸ್ಟನ್ ಎಂಬ ಸಂಗ್ರಾಹಕನು 1864ರಲ್ಲಿ ಪ್ರಕಟಿಸಿದನು. 1895ರ ಹೊತ್ತಿಗೆ ಆ ನಗರದ ಸುತ್ತಿನ ಮೆಣಸುಪತಂಗಗಳಲ್ಲಿ 100ಕ್ಕೆ 98 ಕರಿಯವಾಗಿದ್ದವು. ವರ್ಷಕ್ಕೆ ಒಂದೇ ತಲೆಮಾರು ಹುಟ್ಟುವ ಕೀಟವಿದು. ಎಂದರೆ ಐವತ್ತಕ್ಕಿಂತ ಕಡಿಮೆ ತಲೆಮಾರುಗಳಲ್ಲಿ ಒಂದು ಇಡೀ ಸಮುದಾಯದ ಬಣ್ಣ ಬದಲಾಯಿತು. ಕಾರ್ಬೊನೇರಿಯ ಎಂಬ ಈ ಕರಿಯ ರೂಪಕ್ಕೆ ಕಾರಣವಾದ ವಂಶವಾಹಿ ಪ್ರಬಲವಾದದ್ದು. ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಮರಿ ಕಪ್ಪಾಗಿರುತ್ತದೆ. 1896ರಲ್ಲಿ ಟಟ್ ಎಂಬ ಕೀಟಶಾಸ್ತ್ರಜ್ಞನು ಕಾರಣವನ್ನು ಊಹಿಸಿದನು: ಮಸಿ ಹಿಡಿದ ಮರಗಳ ಮೇಲೆ ಬಿಳಿಯ ಪತಂಗ ಹಕ್ಕಿಗಳ ಕಣ್ಣಿಗೆ ಬೀಳುತ್ತದೆ, ಕರಿಯದು ಬೀಳುವುದಿಲ್ಲ. ಊಹೆ ಒಳ್ಳೆಯದಾಗಿತ್ತು; ಆದರೆ ಐವತ್ತು ವರ್ಷಗಳಿಗೂ ಮೀರಿ ಅದನ್ನು ಪರೀಕ್ಷಿಸಿ ನೋಡಿದವರಿಲ್ಲ.

1924ರಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಇದಕ್ಕೆ ಲೆಕ್ಕ ಹಾಕಿದರು. ಅಷ್ಟು ಶೀಘ್ರವಾಗಿ ಬಣ್ಣ ಬದಲಾಗಬೇಕಾದರೆ ಕರಿಯ ಪತಂಗವು ಬಿಳಿಯದಕ್ಕಿಂತ ಸುಮಾರು ಒಂದೂವರೆ ಪಟ್ಟು ಸಂತತಿಯನ್ನು ಉಳಿಸಬೇಕೆಂದು ಗಣಿತ ಹೇಳಿತು. ಆಯ್ಕೆ ಎಂಬುದು ನೂರಕ್ಕೆ ಒಂದೋ ಅರ್ಧವೋ ಅಂಶದ ವ್ಯತ್ಯಾಸದಿಂದ, ಸಾವಿರಾರು ವರ್ಷ ನಿಧಾನವಾಗಿ ನಡೆಯುವ ಕ್ರಿಯೆಯೆಂದು ನಂಬಿದ್ದ ಅಂದಿನ ವಿದ್ವಾಂಸರಿಗೆ ಇದು ಅತಿಯೆನಿಸಿತು. (ಇದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲಸಿ, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ನಮ್ಮ ಪಾಠಗಳಲ್ಲಿ ಪತಂಗಕ್ಕೂ ಅವರಿಗೂ ಇದ್ದ ಈ ಸಂಬಂಧವನ್ನು ಯಾರೂ ಹೇಳುವುದಿಲ್ಲ.) ಅದೇ ದಶಕದಲ್ಲಿ ಹೆಸ್ಲಾಪ್ ಹ್ಯಾರಿಸನ್ ಎಂಬವರು ಬೇರೊಂದು ವಿವರಣೆ ಕೊಟ್ಟರು: ಹೊಗೆಯಲ್ಲಿರುವ ಸೀಸ, ಮ್ಯಾಂಗನೀಸ್ ಲವಣಗಳು ಎಲೆಗಳ ಮೂಲಕ ಮರಿಹುಳುಗಳ ಹೊಟ್ಟೆ ಸೇರಿ ಅವುಗಳ ವಂಶವನ್ನೇ ಕಪ್ಪಾಗಿಸುತ್ತವೆ ಎಂಬುದು ಅವರ ವಾದ. ಬೇರೆ ಜಾತಿಯ ಪತಂಗಗಳ ಮೇಲೆ ಅವರು ಪ್ರಯೋಗಗಳನ್ನೂ ಮಾಡಿ ತೋರಿಸಿದರು. ಇತರರು ಅದೇ ಪ್ರಯೋಗವನ್ನು ಮಾಡಿದಾಗ ಆ ಫಲ ದೊರೆಯಲಿಲ್ಲ. ಹ್ಯಾರಿಸನ್ನರ ವಾದ ಶಾಸ್ತ್ರದಲ್ಲಿ ಸತ್ತಿತು. ಆದರೆ ನಮ್ಮ ಮಾತಿನಲ್ಲಿ ಸಾಯಲಿಲ್ಲ. ಈ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಹೀಗೆ ವಾದಗಳು ನಿಂತಿದ್ದಾಗ ಆಕ್ಸ್‌ಫರ್ಡಿನ ಇ. ಬಿ. ಫೋರ್ಡ್ ಅವರ ಪ್ರೋತ್ಸಾಹದಿಂದ ಬರ್ನಾರ್ಡ್ ಕೆಟಲ್‌ವೆಲ್ ಕಾಡಿಗಿಳಿದರು. ವೃತ್ತಿಯಿಂದ ವೈದ್ಯ, ಪ್ರವೃತ್ತಿಯಿಂದ ಪತಂಗಗಳ ಬೇಟೆಗಾರ. 1953ರಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಹೊಗೆ ಕವಿದ ಕಾಡಿನಲ್ಲಿ ರೆಕ್ಕೆಯಡಿ ಬಣ್ಣದ ಗುರುತು ಹಚ್ಚಿದ 447 ಕರಿಯ ಗಂಡುಗಳನ್ನೂ 137 ಬಿಳಿಯ ಗಂಡುಗಳನ್ನೂ ಬಿಟ್ಟರು. ರಾತ್ರಿ ದೀಪವನ್ನೂ ಹೆಣ್ಣುಪತಂಗಗಳನ್ನೂ ಇರಿಸಿ ಮರಳಿ ಹಿಡಿದಾಗ ಕರಿಯವು 123, ಬಿಳಿಯವು 18 ಸಿಕ್ಕಿದವು; ಎಂದರೆ ಕರಿಯವುಗಳಲ್ಲಿ ನೂರಕ್ಕೆ 27.5, ಬಿಳಿಯವುಗಳಲ್ಲಿ ಸುಮಾರು 13. ಎರಡು ವರ್ಷಗಳ ಅನಂತರ, 1955ರಲ್ಲಿ, ಹೊಗೆ ಸೋಕದ ಡಾರ್ಸೆಟ್ ಸೀಮೆಯ ಕಾಡಿನಲ್ಲಿ ಅದೇ ಪ್ರಯೋಗ. ಅಲ್ಲಿ 496 ಬಿಳಿಯವನ್ನು ಬಿಟ್ಟು 62ನ್ನೂ, 473 ಕರಿಯವನ್ನು ಬಿಟ್ಟು 30ನ್ನೂ ಹಿಡಿದರು. ತಕ್ಕಡಿ ತಿರುಗುಮುರುಗಾಯಿತು. ಪ್ರಾಣಿಗಳ ನಡವಳಿಕೆಯ ಶಾಸ್ತ್ರಕ್ಕೆ ಹೆಸರಾದ ನಿಕೊ ಟಿಂಬರ್ಗನ್ ಮರೆಯಲ್ಲಿ ಕುಳಿತು ಹಕ್ಕಿಗಳು ಪತಂಗಗಳನ್ನು ಕೊಕ್ಕಿನಲ್ಲೆತ್ತುವುದನ್ನು ಚಲಚ್ಚಿತ್ರದಲ್ಲಿ ಸೆರೆಹಿಡಿದರು. ಡಾರ್ಸೆಟ್ಟಿನಲ್ಲಿ ಹಕ್ಕಿಗಳು ತಿಂದುದನ್ನು ಕಣ್ಣಾರೆ ಕಂಡು ಎಣಿಸಿದ 190 ಪತಂಗಗಳಲ್ಲಿ 164 ಕರಿಯವು, 26 ಬಿಳಿಯವು.

ಈ ಪ್ರಯೋಗದ ದೋಷಗಳನ್ನು ಅಡಗಿಸಿ ಹೊಗಳುವುದು ಕೆಟಲ್‌ವೆಲ್ಲರಿಗೆ ಉಪಕಾರವಲ್ಲ. ಮರದಿಂದ ಮರಕ್ಕೆ ಹೋಗಿ ಅವರು ಹಗಲಿನಲ್ಲಿ ಪತಂಗಗಳನ್ನು ಬಿಟ್ಟರು. ಪತಂಗ ತಾನಾಗಿ ತಾಣವನ್ನು ಆರಿಸುವುದು ನಸುಕಿನಲ್ಲಿ. ಬೊಡ್ಡೆಗಳ ಮೇಲೆ ಬಿಟ್ಟದ್ದರಿಂದ ಅವು ಬೊಡ್ಡೆಗಳ ಮೇಲೆಯೇ ಕುಳಿತವು. ಕಾಡಿನಲ್ಲಿ ಸಹಜವಾಗಿರುವುದಕ್ಕಿಂತ ಎಷ್ಟೋ ದಟ್ಟವಾಗಿ ಬಿಟ್ಟರು. ಒಂದೆಡೆ ಸುಲಭವಾಗಿ ಊಟ ಸಿಗುತ್ತದೆಂದು ಹಕ್ಕಿಗಳು ಕಲಿತಿರಬಹುದು. ಯಾವುದು ಕಾಣುತ್ತದೆ ಯಾವುದು ಕಾಣುವುದಿಲ್ಲವೆಂದು ನಿರ್ಣಯಿಸಿದ್ದು ಮನುಷ್ಯನ ಕಣ್ಣಿನಿಂದ. ಹಕ್ಕಿಯ ಕಣ್ಣು ನಮಗೆ ಕಾಣದ ಅತಿನೇರಳೆಯನ್ನೂ ಕಾಣಬಲ್ಲುದು. ಇವೆಲ್ಲವೂ ನಿಜವಾದ ಆಕ್ಷೇಪಗಳು.

ಆದರೆ ಆಕ್ಷೇಪವೊಂದು ನಿಜವಾಗಿರುವುದು ಬೇರೆ, ಅದು ತೀರ್ಮಾನವನ್ನು ಮುಟ್ಟುವುದು ಬೇರೆ. ದಟ್ಟವಾಗಿ ಬಿಟ್ಟದ್ದು ದೋಷವೆಂದರೆ ಆ ದೋಷ ಎರಡು ಬಣ್ಣಗಳಿಗೂ ಸಮಾನ. ಬೊಡ್ಡೆಯ ಮೇಲೆ ಬಿಟ್ಟದ್ದು ಅಸಹಜವೆಂದರೆ ಅದೂ ಎರಡಕ್ಕೂ ಸಮಾನ. ಸಮಾನವಾದ ದೋಷವು ಸಾವಿನ ಒಟ್ಟು ಸಂಖ್ಯೆಯನ್ನು ಹೆಚ್ಚಿಸೀತು. ಒಂದು ಕಾಡಿನಲ್ಲಿ ಕರಿಯದನ್ನೂ ಇನ್ನೊಂದು ಕಾಡಿನಲ್ಲಿ ಬಿಳಿಯದನ್ನೂ ಉಳಿಸುವುದು ಅದರಿಂದಾಗದು. ಡಾರ್ಸೆಟ್ಟಿನ ಫಲಿತಾಂಶ ಬರ್ಮಿಂಗ್‌ಹ್ಯಾಮಿನದಕ್ಕೆ ವಿರುದ್ಧವಾಗಿ ಬಂದುದೇ ಈ ಪ್ರಯೋಗದ ಬಲ. ಒಂದೇ ಕಾಡಿನಲ್ಲಿ ನಿಲ್ಲಿಸಿದ್ದರೆ ಕೆಟಲ್‌ವೆಲ್ ಬಹುಶಃ ನಮ್ಮ ಅಡಿಟಿಪ್ಪಣಿಗಳಲ್ಲಿ ಮಾತ್ರ ಉಳಿಯುತ್ತಿದ್ದರು.

ನನಗೆ ಗಂಭೀರವಾಗಿ ಕಾಣುವ ಆಕ್ಷೇಪ ಒಂದೇ. ಬರ್ಮಿಂಗ್‌ಹ್ಯಾಮಿನಲ್ಲಿ ಕರಿಯವು ಸ್ಥಳೀಯ, ಡಾರ್ಸೆಟ್ಟಿನಲ್ಲಿ ಬಿಳಿಯವು ಸ್ಥಳೀಯ. ಎರಡೆಡೆಯಲ್ಲಿಯೂ ಹೆಚ್ಚಾಗಿ ಮರಳಿ ಸಿಕ್ಕಿದ್ದು ಆ ನೆಲದ್ದೇ. ಹೊರಗಿನಿಂದ ತಂದ ಪತಂಗ ನೆಲೆ ಕಾಣದೆ ದೂರ ಹಾರಿಹೋಗಿ ಬಲೆಗೆ ಸಿಗದಿದ್ದರೆ? ಹಾಗಾದಾಗ ತಕ್ಕಡಿ ತಿರುಗಿದ್ದು ಹಕ್ಕಿಗಳಿಂದಲ್ಲ, ವಲಸೆಯಿಂದ ಎಂದಾಗುತ್ತದೆ. ಬಲೆಯ ಅಂಕಿಗಳು ಮಾತ್ರವೇ ಇದ್ದಿದ್ದರೆ ಇದಕ್ಕೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು. ಹಕ್ಕಿಗಳು ತಿಂದದ್ದನ್ನೇ ನೇರವಾಗಿ ಎಣಿಸಿದ 164 ಮತ್ತು 26 ಎಂಬ ಸಂಖ್ಯೆಗಳು ಇಲ್ಲಿ ಸಹಾಯಕ್ಕೆ ಬರುತ್ತವೆ. ಅಷ್ಟಾದರೂ ಪ್ರಯೋಗವನ್ನು ಮತ್ತೊಮ್ಮೆ, ಈ ಸಂದುಗಳನ್ನು ಮುಚ್ಚಿ ಮಾಡಬೇಕಾಗಿತ್ತೆಂಬುದನ್ನು ಒಪ್ಪಲೇಬೇಕು.

ಒಪ್ಪಿದವರಲ್ಲಿ ಮೊದಲಿಗರು ವಿರೋಧಿಗಳಲ್ಲ, ಆ ಕ್ಷೇತ್ರದವರೇ. ಲಿವರ್‌ಪೂಲ್ ಬಳಿ ದಶಕಗಳ ಕಾಲ ಈ ಪತಂಗಗಳನ್ನು ಹಿಡಿಯುತ್ತಿದ್ದ ಸಿರಿಲ್ ಕ್ಲಾರ್ಕ್ ಮತ್ತು ಸಂಗಡಿಗರು, ಇಪ್ಪತ್ತೈದು ವರ್ಷಗಳಲ್ಲಿ ತಮ್ಮ ಬಲೆಗಳ ಸುತ್ತಿನ ಬೊಡ್ಡೆ, ಗೋಡೆಗಳ ಮೇಲೆ ಹಗಲಿನಲ್ಲಿ ಕಂಡದ್ದು ಎರಡೇ ಪತಂಗ ಎಂದು 1985ರಲ್ಲಿ ಬರೆದರು. ಕೇಂಬ್ರಿಜ್ಜಿನ ಮೈಕೆಲ್ ಮಜೇರಸ್ 1998ರಲ್ಲಿ ಪ್ರಕಟಿಸಿದ 'ಮೆಲನಿಸಂ: ಎವಲ್ಯೂಷನ್ ಇನ್ ಆ್ಯಕ್ಷನ್' ಎಂಬ ಗ್ರಂಥದಲ್ಲಿ ಕೆಟಲ್‌ವೆಲ್ ವಿಧಾನದ ಕುಂದುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿ, ಮೂಲ ತೀರ್ಮಾನ ಮಾತ್ರ ಸರಿಯೆಂದು ಹೇಳಿದರು. ಪುಸ್ತಕವನ್ನು ವಿಮರ್ಶಿಸಿದ ಜೆರಿ ಕಾಯ್ನ್ ಎಂಬ ಖ್ಯಾತ ಜೀವಶಾಸ್ತ್ರಜ್ಞರು ಕುಂದುಗಳನ್ನಷ್ಟೇ ಎತ್ತಿ, ಈ ನಿದರ್ಶನವನ್ನು ಸದ್ಯಕ್ಕೆ ಬದಿಗಿಡಬೇಕೆಂಬ ಧಾಟಿಯಲ್ಲಿ ಬರೆದರು. ಕಾಯ್ನ್ ವಿಕಾಸವಾದದ ಪ್ರಬಲ ಸಮರ್ಥಕರು. ಆದರೂ ಅವರ ಆ ಒಂದು ಪುಟ ವಿಕಾಸವಾದದ ವಿರೋಧಿಗಳ ಕೈಯಲ್ಲಿ ಎಷ್ಟು ತಿರುಗಿತೆಂದರೆ, ಗ್ರಂಥವನ್ನು ಓದಿದವರಿಗಿಂತ ಅದರ ವಿಮರ್ಶೆಯನ್ನು ಉದ್ಧರಿಸಿದವರೇ ಹೆಚ್ಚಾದರು. ವಿಮರ್ಶೆ ಬರೆಯುವ ನಮ್ಮಂಥವರು ನೆನಪಿಡಬೇಕಾದ ಸಂಗತಿಯಿದು.

2002ರಲ್ಲಿ ಜೂಡಿತ್ ಹೂಪರ್ ಎಂಬ ಅಮೆರಿಕದ ಲೇಖಕಿಯ 'ಆಫ್ ಮಾತ್ಸ್ ಅಂಡ್ ಮೆನ್' ಹೊರಬಂದಿತು. ವಿದ್ಯಾರ್ಥಿಯ ಕಿವಿಗೆ ಬಿದ್ದ ಸುದ್ದಿಗೆ ಬಲ ಬಂದದ್ದು ಬಹುಮಟ್ಟಿಗೆ ಇಲ್ಲಿಂದ. ಗ್ರಂಥ ಓದಿಸಿಕೊಂಡು ಹೋಗುತ್ತದೆ. ಆಕ್ಸ್‌ಫರ್ಡಿನ ಮತ್ಸರ, ಒಣ ಪ್ರತಿಷ್ಠೆ, ಫೋರ್ಡರ ವಿಚಿತ್ರ ಸ್ವಭಾವ, ಕೆಟಲ್‌ವೆಲ್ಲರ ಅಧೈರ್ಯ ಇವೆಲ್ಲ ಕಾದಂಬರಿಯಂತೆ ಬಂದಿವೆ. ಆದರೆ ಗ್ರಂಥದ ನಡುವೆ ಒಂದು ಆರೋಪವಿದೆ. 1953ರ ಪ್ರಯೋಗದ ಮೊದಲ ದಿನಗಳಲ್ಲಿ ಪತಂಗಗಳು ಸರಿಯಾಗಿ ಮರಳಿ ಸಿಗುತ್ತಿರಲಿಲ್ಲ. ಜುಲೈ 1ರಂದು ಫೋರ್ಡ್ ಒಂದು ಪತ್ರ ಬರೆದರು. ಆಮೇಲೆ ಸಂಖ್ಯೆಗಳು ಏರಿದವು. ಇದರಿಂದ ಓದುಗನೇ ಅರ್ಥಮಾಡಿಕೊಳ್ಳಲಿ ಎಂಬಂತೆ ಲೇಖಕಿ ಸುಮ್ಮನಾಗುತ್ತಾರೆ.

ಹೇಳದೆ ಸೂಚಿಸುವುದು ಕಾವ್ಯದಲ್ಲಿ ಗುಣ. ಒಬ್ಬ ಮನುಷ್ಯನ ಪ್ರಾಮಾಣಿಕತೆಯ ವಿಷಯದಲ್ಲಿ ಅದು ಗುಣವಲ್ಲ. ಕೆಟಲ್‌ವೆಲ್ 1979ರಲ್ಲೇ ತೀರಿಕೊಂಡಿದ್ದರು, ಫೋರ್ಡ್ 1988ರಲ್ಲಿ. ಉತ್ತರ ಕೊಡಬೇಕಾದವರು ಇರಲಿಲ್ಲ. ಚರಿತ್ರಕಾರ ಡೇವಿಡ್ ರಡ್ಜ್ 2005ರಲ್ಲಿ ದಾಖಲೆಗಳನ್ನು ಮರುಪರಿಶೀಲಿಸಿ ವಂಚನೆಗೆ ಆಧಾರವಿಲ್ಲವೆಂದು ತೋರಿಸಿದರು. ಪತ್ರ ಕಾಡಿನ ಬಿಡಾರವನ್ನು ತಲುಪುವ ಮೊದಲೇ ಸಂಖ್ಯೆಗಳು ಏರತೊಡಗಿದ್ದವು. ಆ ದಿನಗಳಲ್ಲಿ ಬಿಟ್ಟ ಪತಂಗಗಳೂ ಹೆಚ್ಚಾಗಿದ್ದವು. ನನ್ನ ದೃಷ್ಟಿಯಲ್ಲಿ ಇಷ್ಟು ತನಿಖೆಯೂ ಬೇಕಿರಲಿಲ್ಲ. ಫೋರ್ಡ್ ಬಯಸಿದ್ದು ಹೆಚ್ಚು ಪತಂಗಗಳು ಸಿಗಲೆಂದು. ಒಟ್ಟು ಸಂಖ್ಯೆ ಏರಿದ ಮಾತ್ರಕ್ಕೆ ಕರಿಯದಕ್ಕೂ ಬಿಳಿಯದಕ್ಕೂ ಇರುವ ಅನುಪಾತ ಏಕೆ ಬದಲಾಗಬೇಕು? ತೀರ್ಮಾನ ನಿಂತಿರುವುದು ಅನುಪಾತದ ಮೇಲೆ. ಈ ಸರಳವಾದ ಪ್ರಶ್ನೆಯನ್ನು ಲೇಖಕಿ ಎತ್ತುವುದಿಲ್ಲ. ಪತಂಗಗಳು ಬೊಡ್ಡೆಯ ಮೇಲೆ ಕೂರುವುದು ಕಡಿಮೆಯೆಂಬ ಸಂಗತಿಯನ್ನು ಮುಚ್ಚಿಟ್ಟರೆಂಬ ಪ್ರಚಾರವೂ ನಿಲ್ಲುವುದಿಲ್ಲ. ಅವು ಸಹಜವಾಗಿ ದೊಡ್ಡ ಕೊಂಬೆಗಳ ಕೆಳಮೈಯಲ್ಲಿ ಕೂರುತ್ತವೆ, ಬೊಡ್ಡೆಯ ಮೇಲೆ ಅಷ್ಟಾಗಿ ಅಲ್ಲವೆಂದು 1958ರಲ್ಲಿಯೇ ಅಚ್ಚಿನಲ್ಲಿ ಹೇಳಿದವರು ಸ್ವತಃ ಕೆಟಲ್‌ವೆಲ್.

ಇನ್ನು ಆ ಚಿತ್ರದ ವಿಷಯ. ಅಂಥ ಹಲವು ಚಿತ್ರಗಳಲ್ಲಿ ಸತ್ತ ಪತಂಗಗಳನ್ನು ಮರಕ್ಕೆ ಚುಚ್ಚಿ ಇಟ್ಟದ್ದು ನಿಜ. ಎರಡು ಬಣ್ಣಗಳು ಒಂದೇ ಹಿನ್ನೆಲೆಯಲ್ಲಿ ಹೇಗೆ ಕಾಣುತ್ತವೆಂದು ತೋರಿಸಲು ತೆಗೆದ ನಿದರ್ಶನಗಳವು; ಪ್ರಯೋಗದ ದಾಖಲೆಗಳಲ್ಲ. ಗಿಡಮೂಲಿಕೆಯ ಪುಸ್ತಕದಲ್ಲಿ ಒಣಗಿದ ಎಲೆಯನ್ನು ಅಂಟಿಸಿದ್ದಾರೆಂದು ಗಿಡವೇ ಇಲ್ಲವೆನ್ನುವವರಿಲ್ಲ. ಆದರೆ ಚಿತ್ರದ ಕೆಳಗೆ ಈ ಮಾತನ್ನು ಒಂದು ಸಾಲಿನಲ್ಲಿ ಬರೆಯದ ಪಠ್ಯಪುಸ್ತಕಗಳ ಸಂಪಾದಕರು ತಪ್ಪಿತಸ್ಥರೇ. ಆ ಒಂದು ಸಾಲಿನ ಆಲಸ್ಯದಿಂದ ಎಷ್ಟೋ ತರಗತಿಗಳಲ್ಲಿ ಅನುಮಾನ ಬೆಳೆದಿದೆ.

ಪರಿಸ್ಥಿತಿ ಹೀಗಿರಲು ಪ್ರಯೋಗವನ್ನು ಹೊಸದಾಗಿ ಮಾಡಲು ಹೊರಟವರು ಟೀಕೆಯನ್ನು ಆರಂಭಿಸಿದ ಮಜೇರಸ್ಸರೇ. 2001ರಿಂದ 2007ರವರೆಗೆ ಕೇಂಬ್ರಿಜ್ಜಿನಲ್ಲಿ ಅವರು 4864 ಪತಂಗಗಳನ್ನು ಬಿಟ್ಟರು. ದಟ್ಟವಾಗಿ ಅಲ್ಲ, ವಿರಳವಾಗಿ. ಹಗಲಿನಲ್ಲಿ ಅಲ್ಲ, ರಾತ್ರಿ. ಕೊಂಬೆಯ ಸುತ್ತ ಬಲೆಯ ತೋಳು ಕಟ್ಟಿ, ಪತಂಗ ತಾನೇ ಜಾಗ ಆರಿಸಿ ಕುಳಿತ ಮೇಲೆ ನಸುಕಿನಲ್ಲಿ ಬಲೆಯನ್ನು ತೆಗೆದು. ಸೂರ್ಯೋದಯವಾದ ಕೆಲವು ಗಂಟೆಗಳ ಅನಂತರ ಯಾವುದು ಉಳಿದಿದೆ, ಯಾವುದು ಹೋಗಿದೆ ಎಂದು ನೋಡುವುದು. ದುರ್ಬೀನಿನಲ್ಲಿ ಹಕ್ಕಿಗಳನ್ನು ಗಮನಿಸುವುದು. ಈ ಕೆಲಸದ ನಡುವೆ ಮರಗಳನ್ನೇರಿ ಸಹಜವಾಗಿ ಕುಳಿತಿದ್ದ 135 ಪತಂಗಗಳನ್ನು ಅವರು ಹುಡುಕಿದರು: ಅರ್ಧಕ್ಕಿಂತ ತುಸು ಹೆಚ್ಚು ಕೊಂಬೆಗಳ ಮೇಲೆ, ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಬೊಡ್ಡೆಗಳ ಮೇಲೆ, ಉಳಿದವು ರೆಂಬೆಗಳ ಮೇಲೆ. ಬೊಡ್ಡೆಯ ಮೇಲೆ ಕೂರುವುದೇ ಇಲ್ಲವೆಂಬ ಮಾತೂ ಹೀಗೆ ಹೋಯಿತು. ಹೊಗೆ ಹೋಗಿ ಶುಚಿಯಾದ ಕೇಂಬ್ರಿಜ್ಜಿನಲ್ಲಿ ಹಕ್ಕಿಗಳು ಬಿಳಿಯವಕ್ಕಿಂತ ಕರಿಯವನ್ನೇ ಹೆಚ್ಚಾಗಿ ತಿಂದವು. ಬಾವಲಿಗಳು ರಾತ್ರಿಯಲ್ಲಿ ಬಣ್ಣ ನೋಡಿ ತಿನ್ನುವುದಿಲ್ಲವೆಂಬುದನ್ನೂ ಅವರು ಪ್ರತ್ಯೇಕವಾಗಿ ಪರೀಕ್ಷಿಸಿದ್ದರು. 2009ರ ಜನವರಿಯಲ್ಲಿ ಮಜೇರಸ್ ರೋಗದಿಂದ ತೀರಿಕೊಂಡರು. ಅಂಕಿಗಳನ್ನು ಕುಕ್, ಗ್ರಾಂಟ್, ಸಚೇರಿ ಮತ್ತು ಮ್ಯಾಲೆಟ್ 2012ರಲ್ಲಿ ಪ್ರಕಟಿಸಿದರು. ಕರಿಯ ಪತಂಗಕ್ಕೆ ದಿನವೊಂದಕ್ಕೆ ಬಿಳಿಯದಕ್ಕಿಂತ ಸುಮಾರು ಹತ್ತರಲ್ಲಿ ಒಂದರಷ್ಟು ಹೆಚ್ಚು ಅಪಾಯವಿತ್ತೆಂದು ಲೆಕ್ಕ ತೋರಿಸಿತು. 2018ರಲ್ಲಿ ವಾಲ್ಟನ್ ಮತ್ತು ಸ್ಟೀವನ್ಸ್ ಹಕ್ಕಿಯ ದೃಷ್ಟಿಯ ಪ್ರಕಾರವೇ ಅಳೆದು, ಕಲ್ಲುಹೂವು ಹಿಡಿದ ಕಾಡಿನಲ್ಲಿ ಬಿಳಿಯ ಮಾದರಿಗಳು ಕರಿಯವಕ್ಕಿಂತ ನೂರಕ್ಕೆ 21ರಷ್ಟು ಹೆಚ್ಚು ಉಳಿಯುವುದನ್ನು ಕಂಡರು. ಮನುಷ್ಯನ ಕಣ್ಣೆಂಬ ಆಕ್ಷೇಪಕ್ಕೂ ಹೀಗೆ ಉತ್ತರ ದೊರೆಯಿತು.

ಕಲ್ಲುಹೂವು ಎಂದೆ. ನಮ್ಮ ಹೆಂಗಸರು ಮಸಾಲೆಗೆ ಹುರಿದು ಹಾಕುವ ಕಲ್ಲುಹೂವಿನ ಬಳಗದ್ದೇ ಇಂಗ್ಲೆಂಡಿನ ಮರಗಳಿಗೆ ಬಿಳಿಯ ಬಣ್ಣ ಕೊಡುತ್ತಿದ್ದ ಈ ಸಸ್ಯಸಮಾನ ಜೀವಿ. ಗಂಧಕದ ಹೊಗೆಗೆ ಅದು ಸಾಯುತ್ತದೆ. ಪಾಠದಲ್ಲಿ ಅದಕ್ಕೆ ದೊಡ್ಡ ಸ್ಥಾನ. ಆದರೆ ಇಲ್ಲಿ ಒಂದು ತೊಡಕುಂಟು. 1956ರಲ್ಲಿ ಬ್ರಿಟನ್ನಿನಲ್ಲಿ ಶುದ್ಧ ವಾಯು ಶಾಸನ ಬಂದ ಮೇಲೆ ಹೊಗೆ ಇಳಿಯಿತು, ಕರಿಯ ಪತಂಗವೂ ಇಳಿಯಿತು. ಲಿವರ್‌ಪೂಲ್ ಬಳಿಯ ಕಾಲ್ಡಿಯಲ್ಲಿ 1959ರಲ್ಲಿ ನೂರಕ್ಕೆ 90ನ್ನು ಮೀರಿದ್ದದ್ದು 1990ರ ದಶಕದ ನಡುವಿನಲ್ಲಿ 20ಕ್ಕಿಂತ ಕೆಳಗಿಳಿಯಿತು. ಆದರೆ ಅಲ್ಲಿ ಬಿಳಿಯ ಪತಂಗ ಏರತೊಡಗಿದ್ದು ಕಲ್ಲುಹೂವು ಮರಳುವ ಮೊದಲೇ. ಅಮೆರಿಕದ ಮಿಷಿಗನ್ನಿನಲ್ಲಿಯೂ ಕರಿಯ ರೂಪ ಅದೇ ಅವಧಿಯಲ್ಲಿ ಅದೇ ಪ್ರಮಾಣದಲ್ಲಿ ಇಳಿದಿದೆ; ಅಲ್ಲಿ ಕಲ್ಲುಹೂವಿನಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ಆದುದರಿಂದ ಕಲ್ಲುಹೂವಿಗಿಂತ ಮರದ ತೊಗಟೆಯ ಮೇಲಿನ ಮಸಿಯೇ ಮುಖ್ಯವಾಗಿದ್ದಿರಬೇಕು. ಪಠ್ಯಪುಸ್ತಕದ ಇನ್ನೊಂದು ಮಾತೂ ತಿದ್ದುಪಡಿಯನ್ನು ಬೇಡುತ್ತದೆ: ಹಳ್ಳಿಗಾಡಿನಲ್ಲಿ ಕರಿಯವು ಕಡಿಮೆಯಿದ್ದವೆಂಬುದು. ಡಾರ್ಸೆಟ್ಟಿನ ಮಟ್ಟಿಗೆ ನಿಜ. ಆದರೆ ಹೊಗೆ ಹೆಚ್ಚಿಲ್ಲದ ಪೂರ್ವ ಆಂಗ್ಲಿಯದಲ್ಲಿ ಕರಿಯವು ನೂರಕ್ಕೆ 80ರವರೆಗೂ ಇದ್ದವು. ಗಂಡುಪತಂಗಗಳು ದೂರ ಹಾರುತ್ತವೆ. ಆಯ್ಕೆ ಒಂದೆಡೆ ನಡೆದರೆ ಅದರ ಫಲ ಇನ್ನೊಂದೆಡೆಗೂ ಹರಿಯುತ್ತದೆ. ಇಷ್ಟರಿಂದಲೇ ಪೂರ್ವ ಆಂಗ್ಲಿಯದ ಒಗಟು ಪೂರ್ತಿ ಬಿಡಿಸಿತೆಂದು ನಾನು ಹೇಳಲಾರೆ. ಇಂಥ ಸಂಗತಿಗಳನ್ನು ತರಗತಿಯಲ್ಲಿ ಹೇಳಿದರೆ ಸಿದ್ಧಾಂತ ದುರ್ಬಲವಾಗುತ್ತದೆಂದು ಕೆಲವು ಅಧ್ಯಾಪಕರು ಅಂಜುತ್ತಾರೆ. ಹೇಳದಿರುವುದರಿಂದ ಏನಾಗುತ್ತದೆಂಬುದನ್ನು ನಾನು ಬಾಗಿಲ ಬಳಿ ಕಂಡಿದ್ದೇನೆ.

ಹಕ್ಕಿಗಳ ವಿಷಯ ಇತ್ಯರ್ಥವಾಗುತ್ತಿದ್ದಾಗಲೇ ವಂಶವಾಹಿಯ ವಿಷಯವೂ ಬೆಳಕಿಗೆ ಬಂದಿತು. ಲಿವರ್‌ಪೂಲಿನ ಸಂಶೋಧಕರು 2011ರಲ್ಲಿ ಕರಿಯ ಬಣ್ಣದ ನೆಲೆಯನ್ನು ಒಂದು ವರ್ಣತಂತುವಿನ ಪುಟ್ಟ ಭಾಗಕ್ಕೆ ಸೀಮಿತಗೊಳಿಸಿ, ಬ್ರಿಟನ್ನಿನ ಕರಿಯ ಪತಂಗಗಳೆಲ್ಲ ಒಂದೇ ಉತ್ಪರಿವರ್ತನೆಯ ಸಂತತಿಯೆಂದು ತೋರಿಸಿದರು. 2016ರಲ್ಲಿ ಆ ಉತ್ಪರಿವರ್ತನೆ ಏನೆಂಬುದೂ ತಿಳಿಯಿತು: ತಾಣದಿಂದ ತಾಣಕ್ಕೆ ನೆಗೆಯುವ ಡಿ.ಎನ್.ಎ.ಯ ತುಂಡೊಂದು, ಸುಮಾರು 22,000 ಅಕ್ಷರಗಳಷ್ಟು ಉದ್ದವಾದದ್ದು, ಕಾರ್ಟೆಕ್ಸ್ ಎಂಬ ವಂಶವಾಹಿಯ ನಡುವೆ ಬಂದು ಕುಳಿತಿದೆ. ಅದು ಕುಳಿತದ್ದು 1819ರ ಆಸುಪಾಸಿನಲ್ಲಿರಬೇಕೆಂದು ಅವರ ಗಣನೆ. (ಬಣ್ಣವನ್ನು ನಿಯಂತ್ರಿಸುವುದು ಕಾರ್ಟೆಕ್ಸ್ ಅಲ್ಲ, ಅದೇ ನೆಲೆಯಿಂದ ಹುಟ್ಟುವ ಒಂದು ಆರ್.ಎನ್.ಎ. ಎಂದು 2024ರಲ್ಲಿ ಚಿಟ್ಟೆಗಳ ಮೇಲೆ ನಡೆದ ಸಂಶೋಧನೆಗಳು ಸೂಚಿಸುತ್ತವೆ. ಪಾಠ ಇನ್ನೂ ಮುಗಿದಿಲ್ಲ.) ಈ ಆವಿಷ್ಕಾರದ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ಹೊಗೆ ಪತಂಗವನ್ನು ಕಪ್ಪಾಗಿಸಲಿಲ್ಲ. ಒಂದೇ ಒಂದು ಪತಂಗದ ವಂಶದಲ್ಲಿ ಒಂದು ಆಕಸ್ಮಿಕ ಸಂಭವಿಸಿತು. ಬೇರೆ ಕಾಲದಲ್ಲಾಗಿದ್ದರೆ ಹಕ್ಕಿಯ ಹೊಟ್ಟೆ ಸೇರಿ ಮುಗಿಯಬಹುದಾಗಿದ್ದ ಆ ವಂಶ, ಮಸಿ ಹಿಡಿಯುತ್ತಿದ್ದ ನಾಡಿನಲ್ಲಿ ಉಳಿಯಿತು.

ಈಗ ನಮ್ಮ ಮಾತಿನ ವಿಷಯ. 'ಪರಿಸರದ ಒತ್ತಡಕ್ಕೆ ಸಿಕ್ಕಿ ಪತಂಗವು ಕಪ್ಪು ಬಣ್ಣವನ್ನು ಪಡೆಯಿತು', 'ಪರಿಸರಕ್ಕೆ ತನ್ನನ್ನು ಹೊಂದಿಸಿಕೊಂಡಿತು' ಎಂದು ನಾವು ಬರೆಯುತ್ತೇವೆ, ಪಾಠ ಹೇಳುತ್ತೇವೆ. ಒತ್ತಡವೆಂದೊಡನೆ ಕನ್ನಡಿಗನ ಮನಸ್ಸಿಗೆ ಬರುವುದು ಶಾವಿಗೆಯ ಒರಳು. ಹಿಟ್ಟನ್ನು ಒತ್ತಿದರೆ ಅದೇ ಹಿಟ್ಟು ಎಳೆಯಾಗಿ ಹೊರಬರುತ್ತದೆ. ಬಿಳಿಯ ಪತಂಗವನ್ನು ಪರಿಸರ ಒತ್ತಿತು, ಅದೇ ಪತಂಗ ಕಪ್ಪಾಗಿ ಹೊರಬಂದಿತು ಎಂದು ವಿದ್ಯಾರ್ಥಿ ತಿಳಿದರೆ ಅದು ನಮ್ಮ ಕ್ರಿಯಾಪದಗಳ ದೋಷ. ಇದು ಹ್ಯಾರಿಸನ್ನರ ಸೀಸದ ವಾದವಲ್ಲದೆ ಬೇರೇನೂ ಅಲ್ಲ. ಆಯ್ಕೆಗೆ ಒರಳಿಗಿಂತ ಮೊರ ಹತ್ತಿರದ ಉಪಮಾನ. ಮೊರದಲ್ಲಿ ಕೇರಿದಾಗ ಯಾವ ಕಾಳೂ ಬದಲಾಗುವುದಿಲ್ಲ. ಜೊಳ್ಳು ಹಾರುತ್ತದೆ, ಗಟ್ಟಿ ಉಳಿಯುತ್ತದೆ. ಉಳಿದುದನ್ನೇ ಮುಂದಿನ ವರ್ಷ ಬಿತ್ತುವುದರಿಂದ ಹೊಲದ ಗುಣ ಬದಲಾಗುತ್ತದೆ. ಕಾಳು ಬದಲಾಗುವುದಿಲ್ಲ, ಕಣಜ ಬದಲಾಗುತ್ತದೆ. ಈ ಉಪಮಾನಕ್ಕೂ ಮಿತಿಯುಂಟು: ಮೊರ ಹಿಡಿದ ಕೈಗೆ ಉದ್ದೇಶವಿದೆ, ಹಕ್ಕಿಗಿರುವುದು ಹಸಿವು ಮಾತ್ರ, ಗಟ್ಟಿ ಎಂದರೆ ಬಲಿಷ್ಠವೆಂದಲ್ಲ, ಆ ಮರದ ಮೇಲೆ ಆ ವರ್ಷ ಕಾಣದಿರುವುದು ಅಷ್ಟೆ.

'ವಿಕಾಸ' ಎಂಬ ಮಾತೂ ನಮಗೆ ತೊಡಕೇ. ಅದರಲ್ಲಿ ಅರಳುವಿಕೆಯ, ಏಳ್ಗೆಯ ಅರ್ಥ ಬೆರೆತಿದೆ. 1956ರ ಅನಂತರ ಕರಿಯ ರೂಪ ಇಳಿದದ್ದನ್ನು ಹೇಳಿದಾಗ 'ಹಾಗಾದರೆ ವಿಕಾಸ ಹಿಂದಕ್ಕೆ ಹೋಯಿತೇ?' ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಹಿಂದೂ ಇಲ್ಲ, ಮುಂದೂ ಇಲ್ಲ. ಏರುವಾಗ ಕೆಲಸ ಮಾಡಿದ ಹಕ್ಕಿಯೇ ಇಳಿಯುವಾಗಲೂ ಕೆಲಸ ಮಾಡಿತು. ಪದವನ್ನು ಬದಲಾಯಿಸಬೇಕೆಂದು ನಾನು ಹೇಳುತ್ತಿಲ್ಲ, ಅದು ನೆಲೆಯೂರಿದೆ. 2023ರಲ್ಲಿ ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ವಿಕಾಸ' ಎಂಬ ಅಧ್ಯಾಯವು 'ಅನುವಂಶೀಯತೆ' ಎಂದಷ್ಟೇ ಉಳಿದ ಮೇಲೆ, ಆ ಪುಸ್ತಕವನ್ನು ಓದಿ ಬರುವ ಮಕ್ಕಳಿಗೆ ಈ ಪದವನ್ನು ಮೊದಲ ಬಾರಿಗೆ ವಿವರಿಸುವ ಹೊಣೆ ಕಾಲೇಜಿನ ಮೇಲೆ ಬಿದ್ದಿದೆ. ಒಮ್ಮೆಗೇ ಸರಿಯಾಗಿ ವಿವರಿಸಬೇಕು.

ಮಾತಿನ ಈ ಸೂಕ್ಷ್ಮದಿಂದ ಯಾರಿಗೇನು ನಷ್ಟವೆಂದು ಕೇಳುವವರಿಗೆ ಹತ್ತಿಯ ಹೊಲವನ್ನು ತೋರಿಸುತ್ತೇನೆ. ರಾಯಚೂರು ಸೀಮೆಯ ರೈತರು ಗುಲಾಬಿ ಕಾಯಿಕೊರಕದ ವಿಷಯ ಬಂದಾಗ 'ಹುಳ ಔಷಧಕ್ಕೆ ಒಗ್ಗಿಕೊಂಡದೆ' ಎನ್ನುತ್ತಾರೆ. ನಮ್ಮ ಪದವೀಧರರೂ ಹಾಗೆಯೇ ಹೇಳುತ್ತಾರೆ. ಒಗ್ಗಿಕೊಂಡಿದ್ದರೆ ಪರಿಹಾರ ಸುಲಭ: ಪ್ರಮಾಣವನ್ನು ಹೆಚ್ಚಿಸುವುದು, ಇನ್ನೊಂದು ಬಾರಿ ಸಿಂಪಡಿಸುವುದು. ಹಾಗೆಯೇ ಮಾಡುತ್ತಾರೆ. ಆದರೆ ಯಾವ ಹುಳುವೂ ಒಗ್ಗಿಕೊಳ್ಳಲಿಲ್ಲ. ಒಗ್ಗದವು ಸತ್ತವು, ವಿಷ ತಾಕದ ಬೆರಳೆಣಿಕೆಯವು ಮೊದಲೇ ಇದ್ದವು, ಅವುಗಳ ಸಂತತಿ ಹೊಲ ತುಂಬಿತು. ಕೀಟನಾಶಕ ಗುಣವನ್ನು ತನ್ನೊಳಗೇ ಉಳ್ಳ ಬಿಟಿ ಹತ್ತಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ದೊರೆಯಿತು. 2010ರಲ್ಲಿ ಗುಜರಾತಿನ ಗುಲಾಬಿ ಕಾಯಿಕೊರಕದಲ್ಲಿ ಅದಕ್ಕೆ ಪ್ರತಿರೋಧ ಕಂಡುಬಂದಿತು. ಎಂಟೇ ವರ್ಷ. ಹಾಲ್ಡೇನರ ಲೆಕ್ಕವನ್ನು ಅತಿಯೆಂದವರು ಈ ಹೊಲವನ್ನು ನೋಡಬೇಕಾಗಿತ್ತು.

ಇಲ್ಲಿ ಪತಂಗಕ್ಕೂ ಕಾಯಿಕೊರಕಕ್ಕೂ ಒಂದು ವ್ಯತ್ಯಾಸವಿದೆ. ಕರಿಯ ಬಣ್ಣದ ವಂಶವಾಹಿ ಪ್ರಬಲವಾದದ್ದು. ಒಂದು ಪ್ರತಿ ಇದ್ದರೂ ಫಲ ಕೊಡುತ್ತದೆ. ಬಿಟಿಗೆ ಪ್ರತಿರೋಧ ಬಹುಮಟ್ಟಿಗೆ ದುರ್ಬಲ ಗುಣ. ತಂದೆತಾಯಿಗಳಿಬ್ಬರಿಂದಲೂ ಬಂದರೆ ಮಾತ್ರ ಹುಳು ಬದುಕುತ್ತದೆ. ಆದುದರಿಂದಲೇ ಬಿಟಿ ಹೊಲದ ಸುತ್ತ ಬಿಟಿಯಲ್ಲದ ಹತ್ತಿಯನ್ನು ಐದು ಸಾಲು ಅಥವಾ ನೂರಕ್ಕೆ 20ರಷ್ಟು ನೆಲದಲ್ಲಿ, ಯಾವುದು ಹೆಚ್ಚೋ ಅಷ್ಟು, ಬೆಳೆಯಬೇಕೆಂದು ನಿಯಮ ಮಾಡಿದರು. ಅಲ್ಲಿ ಬದುಕಿದ ಸಾಮಾನ್ಯ ಹುಳುಗಳು ಪತಂಗಗಳಾಗಿ ಪ್ರತಿರೋಧವುಳ್ಳವುಗಳೊಡನೆ ಕೂಡಿದರೆ ಮರಿಗಳಿಗೆ ಒಂದೇ ಪ್ರತಿ ಬರುತ್ತದೆ. ಅವು ಬಿಟಿ ಹತ್ತಿಯನ್ನು ತಿಂದು ಸಾಯುತ್ತವೆ. ಅಮೆರಿಕದ ಅರಿಜೋನದಲ್ಲಿ ಈ ಸಾಲುಗಳನ್ನು ನಿಷ್ಠೆಯಿಂದ ಬೆಳೆದರು. ಮುಂದೆ ಬಂಜೆಗೊಳಿಸಿದ ಪತಂಗಗಳನ್ನೂ ಬಿಟ್ಟು, 2018ರಲ್ಲಿ ಆ ದೇಶದ ಹತ್ತಿ ಬೆಳೆಯುವ ಪ್ರದೇಶಗಳಲ್ಲಿ ಈ ಕೀಟ ನಿರ್ಮೂಲವಾಯಿತೆಂದು ಸಾರಿದರು. ನಮ್ಮಲ್ಲಿ ಬಿಟಿ ಬೀಜದ 450 ಗ್ರಾಮಿನ ಪೊಟ್ಟಣದೊಡನೆ 120 ಗ್ರಾಮಿನ ಇನ್ನೊಂದು ಚಿಕ್ಕ ಪೊಟ್ಟಣ ಬರುತ್ತಿತ್ತು. ಅದರಲ್ಲಿದ್ದದ್ದು ಈ ಸಾಲುಗಳ ಬೀಜ. ಹುಳು ಒಗ್ಗಿಕೊಳ್ಳುತ್ತದೆಂದು ನಂಬಿದವನಿಗೆ, ಹುಳುವನ್ನು ಬೇಕೆಂದೇ ಬದುಕಿಸುವ ಬೆಳೆಯನ್ನು ತನ್ನ ನೆಲದಲ್ಲಿ ಬಿತ್ತುವುದು ಹುಚ್ಚಾಗಿ ಕಾಣದೆ ಹೇಗಿದ್ದೀತು? ಲಿಂಗಸೂಗೂರಿನ ಕಡೆ ಹೊಲವೊಂದರ ಬದುವಿನ ಮೇಲೆ ಒಡೆಯದೆ ಬಿಸುಟಿದ್ದ ಅಂಥ ಮೂರು ಪೊಟ್ಟಣಗಳನ್ನು ನಾನು ಕಂಡಿದ್ದೇನೆ. ಹೊಲದ ಯಜಮಾನನ ಮಗ ಪದವೀಧರ, ಪ್ರಾಣಿಶಾಸ್ತ್ರ ಓದಿದ್ದವನು. ಪೊಟ್ಟಣ ಏತಕ್ಕೆಂದು ಕೇಳಿದಾಗ, ಕಂಪನಿಯವರು ತೂಕಕ್ಕೆ ಸೇರಿಸಿದ್ದಿರಬೇಕು ಎಂದನು.